ಕುಡಿಯುವ ನೀರೂ ಗೃಹಸ್ಥನ ವಿವೇಕವೂ

ಬಾಯಾರಿ ಬಂದವನಿಗೆ ಮೊದಲು ನೀರು, ಬಳಿಕ ಮಾತು ಎಂಬುದು ನಮ್ಮ ನಾಡಿನ ಮನೆಗಳ ಹಳೆಯ ನಡೆ. ನೀರಿನೊಡನೆ ಒಂದು ಚೂರು ಬೆಲ್ಲವನ್ನೂ ಕೊಡುತ್ತಿದ್ದ ಕಾಲದಲ್ಲಿ ಆ ನೀರು ಎಲ್ಲಿಂದ ಬಂದಿತೆಂದು ಕೇಳುವವರಿರಲಿಲ್ಲ. ಕೇಳುವುದು ಮರ್ಯಾದೆಯೂ ಆಗಿರಲಿಲ್ಲ. ಈಗ ಬಂದ ನಂಟರು ಲೋಟವನ್ನು ಕೈಗೆ ತೆಗೆದುಕೊಂಡು, ತುಟಿಗೆ ತಾಗಿಸುವ ಮುನ್ನ, "ಇದು ಫಿಲ್ಟರಿನ ನೀರು ತಾನೆ?" ಎಂದು ಮೆಲ್ಲನೆ ವಿಚಾರಿಸುವರು. ಇದನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡಬೇಕಾದುದೂ ಇಲ್ಲ. ಹಿಂದಿನವರು ಕೇಳದೆ ಕುಡಿದ ನೀರಿನಿಂದ ಊರೂರುಗಳೇ ವಾಂತಿಭೇದಿಗೆ ತುತ್ತಾದುದನ್ನು ಬಲ್ಲವರು ಈ ಪ್ರಶ್ನೆಯನ್ನು ವಿವೇಕದ ಗುರುತೆಂದೇ ಎಣಿಸುವರು. ಆದರೆ 'ಫಿಲ್ಟರು' ಎಂಬ ಒಂದೇ ಮಾತಿನಿಂದ ಆ ಪ್ರಶ್ನೆಗೆ ಉತ್ತರ ದೊರೆತಂತಾಯಿತೇ ಎಂಬುದು ವಿಚಾರಣೀಯವಾದ ವಿಷಯ.

ನಾನು ಮೂವತ್ತು ವರ್ಷಕ್ಕೂ ಮಿಕ್ಕು ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಚೆಗೆ ನಿವೃತ್ತನಾದವನು, ವಿಜ್ಞಾನಿಯಲ್ಲ. ಬೆಂಗಳೂರಿನ ದಂಡುಪ್ರದೇಶದ ಬೆನ್ಸನ್ ಟೌನಿನಲ್ಲಿ ನಮ್ಮ ವಾಸ. ನಮ್ಮ ಮನೆಗೆ ನೀರಿನ ಶೋಧಕಯಂತ್ರವೊಂದನ್ನು ಆರಿಸಬೇಕಾಗಿ ಬಂದಾಗ ಕೇಳಿ, ಓದಿ, ಪರೀಕ್ಷಿಸಿ ತಿಳಿದುಕೊಂಡುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಯಂತ್ರವು ಬೇಕಾದುದು ಚಪಲಕ್ಕಾಗಿ ಅಲ್ಲ. ಎಂಟು ವರ್ಷದ ನನ್ನ ಮೊಮ್ಮಗಳು ಬೇಸಗೆಯಲ್ಲಿ ಕಾಮಾಲೆಯಿಂದ ಮಲಗಿದಳು. ಮೂರು ವಾರ ಮಗುವಿನ ಕಣ್ಣು ಅರಿಸಿನದಂತೆ ಹಳದಿಯಾಗಿದ್ದಿತು. ಅನ್ನವನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಇದು ನೀರಿನ ಮೂಲಕವೂ ಆಹಾರದ ಮೂಲಕವೂ ಹರಡುವ ಹೆಪಟೈಟಿಸ್ 'ಎ' ಎಂಬ ರೋಗವೆಂದು ವೈದ್ಯರು ಹೇಳಿದರು. ಇದರ ವಿಷಾಣುವು ದೇಹವನ್ನು ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನಗಳು ಹಿಡಿಯುವುದಂತೆ. ಆದುದರಿಂದ ಅದು ಶಾಲೆಯಲ್ಲಿ ಕುಡಿದ ನೀರೋ, ಮದುವೆಯ ಮನೆಯ ಪಾನಕವೋ, ನಮ್ಮ ಮನೆಯ ನೀರೇ ಆಗಿದ್ದಿತೋ ಎಂದು ಯಾರೂ ನಿಶ್ಚಯಿಸಿ ಹೇಳುವಂತಿರಲಿಲ್ಲ. ಮಗು ಚೇತರಿಸಿಕೊಂಡಿತು. ಆದರೆ ರಾತ್ರಿಗಳನ್ನು ಅದರ ಮಗ್ಗುಲಲ್ಲಿ ಕಳೆದ ನನ್ನ ಸೊಸೆಯ ಮನಸ್ಸು ಚೇತರಿಸಿಕೊಳ್ಳಲಿಲ್ಲ. ಮನೆಯ ನಲ್ಲಿಯನ್ನು ತಿರುಗಿಸುವಾಗಲೆಲ್ಲ ಅವಳ ಮುಖದಲ್ಲಿ ಶಂಕೆ ಮೂಡುತ್ತಿದ್ದಿತು. "ಮಾವ, ಬೆಲೆ ಎಷ್ಟಾದರೂ ಆಗಲಿ, ಎಲ್ಲಕ್ಕಿಂತ ದೊಡ್ಡ ಯಂತ್ರವನ್ನೇ ತರೋಣ. ಮಗುವಿನ ವಿಷಯದಲ್ಲಿ ಲೆಕ್ಕಾಚಾರ ಬೇಡ" ಎಂದಳು. ತಾಯಿಯ ಈ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗಿದ್ದೀತು?

ಸಮಾಚಾರ ಹೇಗೋ ಹೊರಬಿದ್ದು, ಮರುವಾರವೇ ಯಂತ್ರಗಳನ್ನು ಮಾರುವ ತರುಣನೊಬ್ಬನು ಮನೆಗೆ ಬಂದನು. ಯಾವ ಸಂಸ್ಥೆಯವನೆಂಬುದು ಇಲ್ಲಿ ಅಪ್ರಸ್ತುತ. ಮಾತಿನಲ್ಲಿ ಬಹು ವಿನಯ. ನಮ್ಮ ನಲ್ಲಿಯ ನೀರನ್ನು ಒಂದು ಗಾಜಿನ ಲೋಟದಲ್ಲಿಯೂ, ತಾನು ತಂದಿದ್ದ ಆರ್.ಓ. ಯಂತ್ರದ ನೀರನ್ನು ಮತ್ತೊಂದರಲ್ಲಿಯೂ ತುಂಬಿ, ಎರಡರಲ್ಲಿಯೂ ವಿದ್ಯುತ್ತಿನ ಕಡ್ಡಿಗಳನ್ನು ಇಳಿಬಿಟ್ಟನು. ಒಂದು ನಿಮಿಷದೊಳಗೆ ನಮ್ಮ ನೀರು ಕಂದಿ, ಕದಡಿ, ಚರಂಡಿಯ ನೀರಿನಂತಾಯಿತು. ಅವನ ನೀರು ಸ್ಫಟಿಕದಂತೆಯೇ ಉಳಿಯಿತು. "ಸಾರ್, ನೀವು ದಿನವೂ ಕುಡಿಯುತ್ತಿರುವುದು ಇದನ್ನೇ" ಎಂದನು. ಸೊಸೆಯ ಕಣ್ಣಲ್ಲಿ ನೀರು ಬಂದಿತು.

ಆ ಹೊತ್ತಿಗೆ, ನನ್ನೊಡನೆ ಕೆಲಸ ಮಾಡಿ ನಿವೃತ್ತರಾದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಕಾಫಿಗೆಂದು ಬಂದು ಕುಳಿತಿದ್ದರು. ಅವರು ನಗುತ್ತ, "ಅಪ್ಪಾ, ನಿನ್ನ ಶುದ್ಧವಾದ ನೀರಿಗೆ ಒಂದು ಚಿಟಿಕೆ ಅಡಿಗೆಯ ಉಪ್ಪು ಹಾಕಿ ಇದನ್ನೇ ಇನ್ನೊಮ್ಮೆ ಮಾಡಿ ತೋರಿಸು" ಎಂದರು. ಹುಡುಗ ಅನುಮಾನಿಸಿದನು, ಕೊನೆಗೆ ಮಾಡಿದನು. ಆ ನೀರೂ ಕ್ಷಣಮಾತ್ರದಲ್ಲಿ ಕಂದಿತು. ಗುಟ್ಟೇನೆಂದರೆ, ಕಡ್ಡಿಗಳಲ್ಲೊಂದು ಕಬ್ಬಿಣದ್ದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ತು ಹರಿದು ಕಬ್ಬಿಣವು ಕರಗಿ ತುಕ್ಕಾಗುವುದು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯದು, ತುಕ್ಕೂ ಆಗದು. ನಾವು ಕಂಡ ಕೊಳೆ ನೀರಿನದಲ್ಲ, ಕಡ್ಡಿಯದು! ರೋಗಾಣುಗಳ ವಿಷಯವಾಗಿ ಈ ಪ್ರಯೋಗವು ಒಂದಕ್ಷರವನ್ನೂ ತಿಳಿಸುವುದಿಲ್ಲ. ಹುಡುಗನನ್ನು ನಾವು ಬಯ್ಯಲಿಲ್ಲ. ಅವನಿಗೆ ಕಲಿಸಿ ಕಳುಹಿಸಿದ್ದನ್ನು ಅವನು ಮಾಡಿದನು. ಕಾಫಿ ಕೊಟ್ಟು ಕಳುಹಿಸಿದೆವು.

ಅವನು ಹೋದ ಬಳಿಕ ನನ್ನ ಸ್ನೇಹಿತರು ಸೊಸೆಗೆ ಹೇಳಿದ ಮಾತು ಅಮೂಲ್ಯವಾದುದು: "ಅಮ್ಮಾ, ಔಷಧವನ್ನು ಕೊಳ್ಳುವ ಮುನ್ನ ರೋಗವನ್ನು ತಿಳಿಯಬೇಕಲ್ಲವೆ? ನೀರಿನ ದೋಷಗಳು ಒಂದೇ ಬಗೆಯವಲ್ಲ. ಮಣ್ಣು ಮಡ್ಡಿ ಒಂದು. ಕಣ್ಣಿಗೆ ಕಾಣದ ರೋಗಾಣು ಇನ್ನೊಂದು. ಕರಗಿರುವ ಲವಣ, ಫ್ಲೋರೈಡ್, ನೈಟ್ರೇಟ್ ಮೊದಲಾದುವು ಮತ್ತೊಂದು. ಒಂದನ್ನು ಕಳೆಯುವ ಉಪಾಯವು ಮತ್ತೊಂದನ್ನು ಕಳೆಯಲಾರದು."

ಈ ವಿವೇಚನೆ ನಮ್ಮ ಪ್ರಾಚೀನರಿಗೂ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕಲಕಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಎಣಿಸಿದೆ. ಕತಕವೆಂಬ ಚಿಲ್ಲದ ಬೀಜ, ತಾವರೆಯ ಗೆಡ್ಡೆ, ಬಟ್ಟೆ, ಮುತ್ತು ಮುಂತಾದುವು ಅವುಗಳಲ್ಲಿ ಸೇರಿವೆ. ಆದರೆ ಕೆಟ್ಟ ನೀರನ್ನು ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣದ ಗುಂಡನ್ನು ಅದರಲ್ಲಿ ಅದ್ದುವುದು ಎಂಬಿವನ್ನು ಬೇರೆಯಾಗಿಯೇ ಹೇಳಿದೆ. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲವೆಂಬುದು ಆ ಮಹನೀಯರಿಗೆ ಗೊತ್ತಿದ್ದಿತು.

ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂಬ ವಿಧಿ ಮನುಸ್ಮೃತಿಯಲ್ಲಿ ಸಂನ್ಯಾಸಿಗಳಿಗೆ ಇದೆ. ಅದನ್ನು ಬರಿಯ ಮಡಿಯೆಂದು ತಳ್ಳಿಬಿಡುವವರು ಒಂದು ಸಂಗತಿಯನ್ನು ಕೇಳಬೇಕು. ರೀಟಾ ಕೋಲ್‌ವೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಹಳೆಯ ನೂಲಿನ ಸೀರೆಯನ್ನು ನಾಲ್ಕಾರು ಮಡಿಕೆಯಾಗಿ ಮಡಿಸಿ ನೀರನ್ನು ಸೋಸುವುದನ್ನು ಹೆಂಗಸರಿಗೆ ಕಲಿಸಿ ಪರೀಕ್ಷಿಸಿದರು. ಕಾಲರಾ ಸುಮಾರು 48 ಪಾಲು ಇಳಿದುದಾಗಿ 2003ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಗಳು ನೀರಿನ ಸೂಕ್ಷ್ಮಜೀವಿಗಳಿಗೆ ಅಂಟಿಕೊಂಡಿರುವುದರಿಂದ ಅವುಗಳೊಡನೆಯೇ ಬಟ್ಟೆಯಲ್ಲಿ ಸಿಕ್ಕಿಬೀಳುವುವು. ಆದರೂ ನೂರರಲ್ಲಿ ಉಳಿದ 52ರ ಮಾತೇನು? ಬಟ್ಟೆಯು ಕಾಮಾಲೆಯ ವಿಷಾಣುವನ್ನಂತೂ ತಡೆಯಲಾರದು.

ನೀರನ್ನು ಸೋಸುವುದು ಒಂದೊಂದು ಮನೆಯ ಕೆಲಸ ಮಾತ್ರವೇ ಅಲ್ಲ, ಇಡೀ ಊರಿನ ಕೆಲಸ ಎಂಬುದಕ್ಕೆ 1892ರ ಹ್ಯಾಂಬರ್ಗ್ ನಗರವು ಸಾಕ್ಷಿ. ಎಲ್ಬೆ ನದಿಯ ನೀರನ್ನು ಸೋಸದೆ ಹಂಚುತ್ತಿದ್ದ ಆ ನಗರದಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಅದೇ ನದಿಯ ಕೆಳದಂಡೆಯಲ್ಲಿ, ಒಂದೇ ಬೀದಿಯ ಆಚೆ ಪಕ್ಕಕ್ಕೆ ಹೊಂದಿಕೊಂಡಿದ್ದ ಆಲ್ಟೋನಾ ಪಟ್ಟಣವು ಮರಳಿನ ಹಾಸಿನಲ್ಲಿ ಸೋಸಿದ ನೀರನ್ನು ಕೊಡುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು. ನಮ್ಮ ಬೆಂಗಳೂರಿನಲ್ಲಿಯೂ 1894ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿಯ ನೀರಿನ ಏರ್ಪಾಡಾಯಿತು. ಆ ನೀರನ್ನು ಸೋಸುತ್ತಿದ್ದ ಮಲ್ಲೇಶ್ವರದ 'ಜ್ಯುವೆಲ್ ಫಿಲ್ಟರ್ಸ್' ಎಂಬ ಹೆಸರನ್ನು ಹಳಬರು ಇಂದಿಗೂ ಬಲ್ಲರು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಾಯಿತು. 1974ರಲ್ಲಿ ಕಾವೇರಿ ಬಂದಳು. 2024ರ ಅಕ್ಟೋಬರಿನಲ್ಲಿ ಅದರ ಐದನೆಯ ಹಂತವು ಆರಂಭವಾಯಿತು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಕಡೆ ಯಂತ್ರಗಳಿಂದ ಮೇಲೆತ್ತಿ ಆ ನೀರನ್ನು ನಮ್ಮ ಬೀದಿಗೆ ತಲಪಿಸುತ್ತಾರೆ. ತೊರೆಕಾಡನಹಳ್ಳಿಯಲ್ಲಿ ಅದನ್ನು ಸೋಸಿ ಕ್ಲೋರಿನ್ ಬೆರಸುವರು. ಇತ್ತ ನಮ್ಮ ನೆರೆಯ ಮಿಲ್ಲರ್ ಕೆರೆಯಾದರೋ ಒಂದು ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿದಿದೆ. ಕೈಯಳತೆಯ ಕೆರೆಗಳನ್ನು ಕಳೆದುಕೊಂಡು ದೂರದ ನದಿಯನ್ನು ನೆಚ್ಚಿದ ಊರಿನಲ್ಲಿ ಒಂದು ಲೋಟ ನೀರಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ.

ಸ್ನೇಹಿತರ ಮಾತಿನಂತೆ ಮೊದಲು ಪರೀಕ್ಷೆ ಮಾಡಿದೆವು. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ತೋರಿಸುವ, ಪೆನ್ನಿನಷ್ಟು ದೊಡ್ಡದಾದ ಮಾಪಕವು ಕೆಲವು ನೂರು ರೂಪಾಯಿಗೆ ದೊರೆಯುವುದು. ಸೊಸೆಯೇ ಅದನ್ನು ಹಿಡಿದು ಲೆಕ್ಕ ಬರೆದಳು. ಬೀದಿಯಿಂದ ಬರುವ ಕಾವೇರಿಯ ನೀರಿನಲ್ಲಿ ಲೀಟರಿಗೆ 190 ಮಿಲಿಗ್ರಾಮು. ನಮ್ಮ ಕೊಳವೆಬಾವಿಯ ನೀರಿನಲ್ಲಿ 860. ಎರಡೂ ಸೇರುತ್ತಿದ್ದ ಸಂಪಿನಲ್ಲಿ 420. ಭಾರತೀಯ ಮಾನಕವಾದ ಐ.ಎಸ್. 10500 ರಂತೆ 500ರವರೆಗೆ ನಿರಾಕ್ಷೇಪ. ಬೇರೆ ನೀರೇ ದೊರೆಯದೆಡೆಯಲ್ಲಿ 2000ದವರೆಗೆ ಸಹ್ಯ. ಬೇಳೆ ಬೇಗ ಬೇಯದಿರುವುದಕ್ಕೂ, ಬಟ್ಟೆಯ ಸೋಪು ನೊರೆಯಾಗದಿರುವುದಕ್ಕೂ ಕಾರಣ ಆಗ ತಿಳಿಯಿತು.

ಎರಡನೆಯದು ರೋಗಾಣುಗಳ ಪರೀಕ್ಷೆ. ಇದಕ್ಕೆ ಸಣ್ಣ ಸೀಸೆಗಳು ಬರುತ್ತವೆ; ಅದರಲ್ಲಿ ನೀರನ್ನು ತುಂಬಿ ಒಂದೆರಡು ದಿನ ಇಟ್ಟರೆ, ಮಲಸಂಪರ್ಕದ ಶಂಕೆಯುಳ್ಳ ನೀರು ಕಪ್ಪಾಗುವುದು. ಬೀದಿಯ ಮೀಟರಿನ ಬಳಿಯ ನಲ್ಲಿ, ಸಂಪು, ಮಾಳಿಗೆಯ ಟ್ಯಾಂಕು, ಈ ಮೂರರಿಂದಲೂ ನೀರು ಹಿಡಿದಿಟ್ಟೆವು. ಮರುದಿನ ಮೊದಲಿನ ಎರಡು ಇದ್ದಂತೆಯೇ ಇದ್ದುವು, ಮೂರನೆಯದು ಕಾಡಿಗೆಯಂತಾಗಿದ್ದಿತು. ಮಗ ಮಾಳಿಗೆಗೆ ಹತ್ತಿ ನೋಡಿದನು. ಗಾಳಿಗೆ ಬಿದ್ದ ತೆಂಗಿನ ಮಡಲು ಟ್ಯಾಂಕಿನ ಮುಚ್ಚಳದ ಅಂಚನ್ನು ಹಿಂಬದಿಯಲ್ಲಿ ಸೀಳಿದ್ದಿತು. ಆ ಸಂದಿನಲ್ಲಿ ಪಾರಿವಾಳಗಳ ಸಂಸಾರ! ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ನಮ್ಮ ಮನೆಯ ದೋಷ ಲವಣದ್ದಲ್ಲ, ಟ್ಯಾಂಕಿನದು ಎಂಬುದು ಸ್ಪಷ್ಟವಾಯಿತು. ಕಾಮಾಲೆಗೆ ಇದೇ ಕಾರಣವೆಂದು ಹೇಳಲಾಗದು. ಆ ರೋಗವು ಹಕ್ಕಿಗಳಿಂದ ಬರುವುದಲ್ಲ. ಆದರೆ ಇಂತಹ ನೀರನ್ನು ಮಗುವಿನ ಬಾಯಿಗೆ ಹೋಗಗೊಡಬಾರದೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಅಡಿಗೆಮನೆಯ ಗೋಡೆಗೆ ಎಷ್ಟು ಬೆಲೆಯ ಯಂತ್ರವನ್ನು ತಗುಲಿಸಿದ್ದರೂ, ಮಗು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಬಚ್ಚಲಿನ ನಲ್ಲಿಯ ನೀರಿನಿಂದ. ಕೊತ್ತಂಬರಿ ಸೊಪ್ಪು, ಸೌತೆಕಾಯಿಗಳನ್ನು ತೊಳೆಯುವುದೂ ಆ ನೀರಿನಲ್ಲಿಯೇ. ಶೋಧಕವು ಕುಡಿಯುವ ನೀರನ್ನು ಕಾಯಬಲ್ಲುದು, ಮನೆಯನ್ನು ಕಾಯಲಾರದು. ಆದುದರಿಂದ ಮೊದಲು ಟ್ಯಾಂಕನ್ನೂ ಸಂಪನ್ನೂ ತಿಕ್ಕಿ ತೊಳೆಯಿಸಿ, ಹೊಸ ಮುಚ್ಚಳ ಹಾಕಿಸಿದೆವು. ಕೊಳವೆಬಾವಿಯ ನೀರನ್ನು ಬೇರ್ಪಡಿಸಿ ಗಿಡಗಳಿಗೂ ಪಾಯಖಾನೆಗೂ ಬೇರೆ ಕೊಳವೆ ಎಳೆಯಿಸಿದೆವು. ಹದಿನೈದು ದಿನಗಳ ಬಳಿಕ ಮತ್ತೆ ಸೀಸೆಗಳನ್ನಿಟ್ಟು ನೋಡಿದರೆ ಮೂರೂ ತಿಳಿಯಾಗಿಯೇ ಉಳಿದುವು.

ಇನ್ನು ಯಂತ್ರಗಳ ಮಾತು. ಹಳೆಯ ಕ್ಯಾಂಡಲ್ ಫಿಲ್ಟರಿನಲ್ಲಿ ಪಿಂಗಾಣಿಯ ಬತ್ತಿಯ ಸೂಕ್ಷ್ಮರಂಧ್ರಗಳ ಮೂಲಕ ನೀರು ಇಳಿಯುವುದು. ಇದಕ್ಕೆ ವಿದ್ಯುತ್ತು ಬೇಡ. ಮಡ್ಡಿಯನ್ನೂ ಬಹುಪಾಲು ಬ್ಯಾಕ್ಟೀರಿಯಗಳನ್ನೂ ತಡೆಯುವುದು. ವಿಷಾಣುಗಳು ಅದಕ್ಕಿಂತ ಸಣ್ಣವಾದುದರಿಂದ ನುಸುಳಿಹೋಗುವುವು. ಯು.ವಿ. ಯಂತ್ರದಲ್ಲಿ ನೇರಳಾತೀತ ಕಿರಣಗಳು ರೋಗಾಣು, ವಿಷಾಣುಗಳೆರಡನ್ನೂ ನಿಷ್ಕ್ರಿಯಗೊಳಿಸುವುವು. ಆದರೆ ನೀರು ತಿಳಿಯಾಗಿದ್ದರೆ ಮಾತ್ರ; ಕದಡಿದ ನೀರಿನಲ್ಲಿ ಕಿರಣವು ಮುಟ್ಟದೆಡೆ ರೋಗಾಣು ಉಳಿಯುವುದು. ಯು.ಎಫ್. ಎಂಬ ಅತಿಸೂಕ್ಷ್ಮ ಪೊರೆಯ ರಂಧ್ರವು ಮಿಲಿಮೀಟರಿನ ಲಕ್ಷಪಾಲಿನಲ್ಲಿ ಒಂದರಷ್ಟು. ಆರ್.ಓ. ಇವೆಲ್ಲಕ್ಕಿಂತಲೂ ಸೂಕ್ಷ್ಮ, ಕರಗಿದ ಲವಣವನ್ನು ತೆಗೆಯುವ ಸಾಮರ್ಥ್ಯ ಇವುಗಳಲ್ಲಿ ಅದೊಂದಕ್ಕೇ ಉಂಟು. ಕಾಯಿಸುವುದಂತೂ ಎಲ್ಲಕ್ಕೂ ಹಿರಿಯ ಉಪಾಯ: ಕುದಿ ಬಂದು ಮರಳಿದ ನೀರಿನಲ್ಲಿ ರೋಗಾಣುಗಳು ಬದುಕವು. ಆದರೆ ಲವಣವೂ ಫ್ಲೋರೈಡೂ ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಸಾಂದ್ರವಾಗುವುವು.

ಹಾಗಾದರೆ ಎಲ್ಲವನ್ನೂ ತೆಗೆಯುವ ಆರ್.ಓ.ವನ್ನೇ ತಂದರೆ ಹಾನಿಯೇನು ಎಂದು ಸೊಸೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಬಳಸುವ ಸಾಮಾನ್ಯ ಯಂತ್ರವು ಒಂದು ಲೀಟರು ನೀರನ್ನು ಕೊಟ್ಟು ಸುಮಾರು ಮೂರು ಲೀಟರನ್ನು ಹೊರಕ್ಕೆ ಚೆಲ್ಲುವುದು. ಕುಡಿಯುವುದಕ್ಕೂ ಅಡಿಗೆಗೂ ನಮಗೆ ದಿನಕ್ಕೆ 20 ಲೀಟರು ಬೇಕು. ಚೆಲ್ಲುವುದು 60 ಲೀಟರು, ಎಂದರೆ ನಾಲ್ಕು ಕೊಡ. ತಿಂಗಳಿಗೆ 1800 ಲೀಟರು. ಅದನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಹಿಡಿದಿಡಬಹುದೆನ್ನುವರು. ಎಷ್ಟು ಮನೆಗಳಲ್ಲಿ ಹಿಡಿದಿಡುವರು? 2024ರ ಬೇಸಗೆಯಲ್ಲಿ ಈ ನಗರದಲ್ಲಿ ಕೊಳವೆಬಾವಿಗಳು ಸಾವಿರಗಟ್ಟಳೆ ಬತ್ತಿ, ಹೆಂಗಸರು ಟ್ಯಾಂಕರುಗಳ ಮುಂದೆ ಕೊಡಗಳನ್ನು ಸಾಲಿಟ್ಟು ಕಾದುದನ್ನು ನಾವೆಲ್ಲ ಕಂಡಿದ್ದೇವೆ. ಲವಣವು 500ಕ್ಕಿಂತ ಕಡಮೆಯಿರುವೆಡೆ ಈ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು 2019ರಲ್ಲಿ ಕೇಂದ್ರಸರ್ಕಾರಕ್ಕೆ ಹೇಳಿದುದು ಇಂತಹ ಕಾರಣದಿಂದಲೇ. ನೂರು ಕಿಲೋಮೀಟರು ಹೊತ್ತು ತಂದ ಕಾವೇರಿಯಿಂದ, ಅದರಲ್ಲಿ ಇಲ್ಲದ ದೋಷವನ್ನು ತೆಗೆಯುವುದಕ್ಕಾಗಿ, ಮೂರು ಪಾಲನ್ನು ಚರಂಡಿಗೆ ಬಿಡುವುದು ಗೃಹಸ್ಥಧರ್ಮವೇ?

ಸೊಸೆ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, "ಮಾವ, ಬೇಸಗೆಯಲ್ಲಿ ಕಾವೇರಿ ಬಾರದೆ ಟ್ಯಾಂಕರಿನ ನೀರು ತರಿಸಬೇಕಾದರೆ?" ಎಂದಳು. ಇದಕ್ಕೆ ಯಾವ ಶಾಸ್ತ್ರದಲ್ಲಿಯೂ ನನಗೆ ಸಿದ್ಧವಾದ ಉತ್ತರ ದೊರೆಯಲಿಲ್ಲ. ಕೂಡಿ ಯೋಚಿಸಿ ಹೀಗೆ ನಿಶ್ಚಯಿಸಿದೆವು: ಮಡ್ಡಿ ತಡೆಯುವ ಶೋಧಕವೂ ಯು.ಎಫ್. ಪೊರೆಯೂ ಯು.ವಿ. ದೀಪವೂ ಸೇರಿದ, ಆರ್.ಓ. ಇಲ್ಲದ ಯಂತ್ರವನ್ನು ತರುವುದು. ಟ್ಯಾಂಕರು ಬಂದಾಗಲೆಲ್ಲ ಮಾಪಕವನ್ನಿಟ್ಟು ನೋಡುವುದು, ಆ ದಿನಗಳಲ್ಲಿ ಯಂತ್ರದ ನೀರನ್ನೂ ಕಾಯಿಸಿ ಕುಡಿಯುವುದು. ಟ್ಯಾಂಕರೇ ಗತಿಯಾಗಿ ಮಾಪಕವು 500ನ್ನು ಮೀರುತ್ತ ಬಂದರೆ ಆಗ ಆರ್.ಓ. ವಿಷಯ ಮತ್ತೆ ಯೋಚಿಸುವುದು. ಯಂತ್ರವನ್ನು ಅಂಗಡಿಯಲ್ಲಿ ಆರಿಸಿದವಳು ಅವಳೇ. ಮಾರುವವನನ್ನು, "ದೀಪವನ್ನು ಎಷ್ಟು ದಿನಕ್ಕೆ ಬದಲಿಸಬೇಕು? ಬತ್ತಿಗಳಿಗೆ ವರ್ಷಕ್ಕೆ ಎಷ್ಟು ಖರ್ಚು?" ಎಂದು ಕೇಳಿ ಬರೆದುಕೊಂಡಳು. ದೀಪವು ಬೆಳಗುತ್ತಲೇ ಇದ್ದರೂ ಕಾಲಕ್ರಮದಲ್ಲಿ ಅದರ ಕಿರಣಶಕ್ತಿ ಕುಂದುವುದೆಂಬುದನ್ನು ಕೊಳ್ಳುವವರು ಮರೆಯಬಾರದು.

ನನ್ನ ಹೆಂಡತಿಗೆ ತಾಮ್ರದ ಬಿಂದಿಗೆಯ ಮೇಲೆ ಮೊದಲಿನಿಂದಲೂ ನಂಬಿಕೆ. ಇದು ಬರಿಯ ಹಳೆಯ ಮೋಹವಲ್ಲ. ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನದ ಸಂಶೋಧಕರು, ಅತಿಸಾರವನ್ನುಂಟುಮಾಡುವ ಬ್ಯಾಕ್ಟೀರಿಯಗಳನ್ನು ಬೆರಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಅವು ನಾಶವಾಗುವುದನ್ನು ತೋರಿಸಿ 2012ರಲ್ಲಿ ಪ್ರಕಟಿಸಿದರು. ಆದರೆ ಅವಳೇ ಹೇಳುವಂತೆ, "ನೋಡಿ, ಹುಣಿಸೆಹಣ್ಣು ಹಾಕಿ ಬೆಳಗದ ಬಿಂದಿಗೆಗೂ ತಗಡಿನ ಡಬ್ಬಕ್ಕೂ ಭೇದವಿಲ್ಲ." ಯಂತ್ರದ ನೀರು ಈಗ ರಾತ್ರಿ ಆ ಬಿಂದಿಗೆಯಲ್ಲಿ ನಿಲ್ಲುವುದು. ಕೈ ಅದ್ದುವಂತಿಲ್ಲ, ಹಿಡಿಯುಳ್ಳ ಸೌಟಿನಿಂದಲೇ ತೆಗೆಯತಕ್ಕದ್ದು.

ನಮ್ಮಲ್ಲಿ ಕೆಲಸಕ್ಕೆ ಬರುವಾಕೆಯ ಮನೆ ಹತ್ತಿರದ ಚಿನ್ನಪ್ಪ ಗಾರ್ಡನಿನಲ್ಲಿ. ಈ ಸಂಭ್ರಮವನ್ನೆಲ್ಲ ನೋಡುತ್ತಿದ್ದ ಆಕೆ ಒಂದು ದಿನ, "ಮೇಷ್ಟ್ರೇ, ಗೋಡೆಗೆ ಹಾಕೋ ಮೆಷಿನ್ನು ನಮಗಾಗೋದಿಲ್ಲ. ನಮ್ಮ ಮಕ್ಕಳಿಗೇನು ದಾರಿ?" ಎಂದಳು. ಇಷ್ಟು ದಿನಗಳ ನಮ್ಮ ವಿಚಾರಕ್ಕೆಲ್ಲ ಇದೇ ನಿಜವಾದ ಪರೀಕ್ಷೆಯಾಯಿತು. ಮಡಿಸಿದ ನೂಲುಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಮರಳಿಸಿ, ಮುಚ್ಚಿಟ್ಟ ನೀರು ನಮ್ಮ ಯಂತ್ರದ ನೀರಿಗೆ ಯಾವ ವಿಧದಲ್ಲಿಯೂ ಕಡಮೆಯಲ್ಲವೆಂದು ಹೇಳಿದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ರೋಗಾಣುಗಳ ಮಟ್ಟಿಗೆ ಅಕ್ಷರಶಃ ಸತ್ಯ. ಆದರೆ ಗ್ಯಾಸಿಗೂ ಹಣ ಬೇಕಷ್ಟೆ. ಸೊಸೆಯು ಕ್ಯಾಂಡಲ್ ಫಿಲ್ಟರೊಂದನ್ನು ಕೊಂಡು ಕೊಟ್ಟು, ಬತ್ತಿಯನ್ನು ಸೋಪು ಹಾಕದೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜುವುದನ್ನು ತೋರಿಸಿದಳು. ಚಿಕ್ಕ ಮಕ್ಕಳಿಗೆ ಮಾತ್ರ ಸೋಸಿದುದನ್ನು ಕಾಯಿಸಿ ಕೊಡಬೇಕೆಂದೂ ಹೇಳಿದಳು. ಎರಡು ಸೀಸೆಗಳನ್ನೂ ಕೊಟ್ಟಳು, ತಮ್ಮ ಬೀದಿಯ ನೀರನ್ನು ತಾವೇ ಪರೀಕ್ಷಿಸಿಕೊಳ್ಳಲೆಂದು.

ನಮ್ಮ ಮನೆಯ ನಿರ್ಣಯವೇ ಎಲ್ಲರಿಗೂ ಹೊಂದುವುದೆಂದು ನಾನು ಹೇಳುವುದಿಲ್ಲ. ನಗರದ ಅಂಚಿನಲ್ಲಿ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿರುವ ಮನೆಗಳಲ್ಲಿ ಲವಣವು ಮಿತಿಮೀರಿದ್ದರೆ, ಪಾವಗಡ, ಕೋಲಾರಗಳ ಸೀಮೆಯಂತೆ ಫ್ಲೋರೈಡು ಇದ್ದರೆ, ಆರ್.ಓ. ಅಲ್ಲಿ ವೈಭವವಲ್ಲ, ಆವಶ್ಯಕತೆ. ಫ್ಲೋರೈಡು ಪೆನ್ನಿನ ಮಾಪಕದಲ್ಲಿ ಕಾಣುವುದಿಲ್ಲವಾಗಿ ಪ್ರಯೋಗಾಲಯಕ್ಕೆ ನೀರನ್ನು ಕಳುಹಿಸಿಯೇ ತಿಳಿಯಬೇಕು. ಆ ಪತ್ರವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವವನು ಮೋಸಹೋಗುವುದು ಕಷ್ಟ.

ಕತಕಬೀಜದ ವಿಷಯವಾಗಿ ಮನುಸ್ಮೃತಿಯು ಇನ್ನೊಂದು ಮಾತನ್ನೂ ಹೇಳಿದೆ: ಆ ಬೀಜವು ನೀರನ್ನು ತಿಳಿಗೊಳಿಸುವುದು ನಿಜ, ಆದರೆ ಅದರ ಹೆಸರನ್ನು ಉಚ್ಚರಿಸಿದ ಮಾತ್ರದಿಂದ ನೀರು ತಿಳಿಯಾಗದು. ಧರ್ಮದ ಹೊರಗುರುತುಗಳನ್ನು ಧರಿಸಿದ ಮಾತ್ರಕ್ಕೆ ಧರ್ಮವಾಗದೆಂಬುದಕ್ಕೆ ಕೊಟ್ಟ ದೃಷ್ಟಾಂತವದು. ನಮ್ಮ ಯಂತ್ರಗಳಿಗೂ ಇದು ಸಲ್ಲುವುದು. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಈ ಭಾನುವಾರ ಬಿಡುವು ಮಾಡಿಕೊಂಡು, ಯಾವ ಯಂತ್ರ ಕೊಳ್ಳಬೇಕೆಂದು ನೆರೆಯವರನ್ನು ಕೇಳುವ ಮುನ್ನ, ಒಮ್ಮೆ ಮಾಳಿಗೆಗೆ ಹತ್ತಿ ಟ್ಯಾಂಕಿನ ಮುಚ್ಚಳವನ್ನು ಸುತ್ತಲೂ ನೋಡಿರಿ.